ಮನಸ್ಸು ಭಾರವಾದಾಗ ಮರೀನ್ ಡ್ರೈವಿಗೆ ಬನ್ನಿ



ಪರೀಕ್ಷೆ ಕೈಕೊಟ್ಟಿತೇ? ಗೆಳೆತನ ಮುರಿಯಿತೇ? ಕಾರಣವೇ ತಿಳಿಯದೆ ಮನಸ್ಸು ಮುದುಡಿದೆಯೇ? ಕೋಣೆಯ ಬಾಗಿಲು ಹಾಕಿಕೊಂಡು ಕೂರಬೇಡಿ. ಒಂದು ಸಂಜೆ ಚರ್ಚ್‌ಗೇಟ್ ಸ್ಟೇಶನ್ನಿನಲ್ಲಿ ಇಳಿದು ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಹಾಕಿ. ಕಡಲು ಎದುರಾಗುತ್ತದೆ.

2003ರಲ್ಲಿ ಅಮ್ಮ ತೀರಿಕೊಂಡಾಗ ನಾನೂ ಹೀಗೆಯೇ ಬಂದೆ. ಆಫೀಸು ಮುಗಿಸಿ ನರಿಮನ್ ಪಾಯಿಂಟಿನಿಂದ ಗಿರಗಾಂವ್ ಚೌಪಾಟಿಯವರೆಗೆ ದಿನವೂ ನಡೆದೆ. ಮೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ದುಃಖ ಹೋಗಲಿಲ್ಲ, ಆದರೆ ಹಸಿವಾಯಿತು, ರಾತ್ರಿ ನಿದ್ದೆ ಬಂತು. ಕಟ್ಟೆಯ ಮೇಲೆ ಕೂತು ನೋಡಿ. ಸುಮಾರು ಆರು ಗಂಟೆಗೊಮ್ಮೆ ಕಡಲಿನ ಉಬ್ಬರ ಇಳಿತವಾಗುತ್ತದೆ, ಇಳಿತ ಉಬ್ಬರವಾಗುತ್ತದೆ. ಅಳು ಬಂದರೆ ಅಳಿ. ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಆದರೂ ನಡಿಗೆಯೊಂದೇ ಸಾಲಲಿಲ್ಲ. ಒಂದು ಸಂಜೆ ತಂಗಿಯನ್ನೂ ಕರೆತಂದೆ. ಶೇಂಗಾ ಪೊಟ್ಟಣ ಮುಗಿಯುವಷ್ಟರಲ್ಲಿ ಇಬ್ಬರೂ ಅಮ್ಮನ ಮಾತು ತೆಗೆದಿದ್ದೆವು, ಆರು ತಿಂಗಳಲ್ಲಿ ಮೊದಲ ಬಾರಿಗೆ. ನಿಮ್ಮ ಕನ್ನಡ ಹರುಕುಮುರುಕಾದರೂ ಚಿಂತೆಯಿಲ್ಲ. ‘ಅಜ್ಜಿ, ಬೇಜಾರಾಗಿದೆ’ ಎಂದರೆ ಸಾಕು, ಉಳಿದದ್ದು ಅವರಿಗೆ ತಿಳಿಯುತ್ತದೆ.

ಎರಡು ವಾರ ಕಳೆದರೂ ಮಬ್ಬು ಹರಿಯದಿದ್ದರೆ ವೈದ್ಯರನ್ನು ಕಾಣಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಬದುಕೇ ಬೇಡವೆನಿಸಿದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ, ಒಬ್ಬರೇ ಕಡಲಿಗೂ ಬರಬೇಡಿ. ಮನೆಯವರಿಗೆ ಹೇಳಿ, 14416ಕ್ಕೆ ಫೋನು ಮಾಡಿ. ಸರಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಎಂಬ ಈ ಉಚಿತ ಸೇವೆ ಹಗಲಿರುಳೂ ಇದೆ, ಕನ್ನಡದಲ್ಲೂ ಮಾತಾಡಬಹುದು.

ಮುಂದಿನ ಸಲ ಬರುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆತನ್ನಿ. ಶೇಂಗಾ ಕೊಳ್ಳಲು ಮರೆಯಬೇಡಿ.