ನಾನೊಬ್ಬ ಹಾಕದಿದ್ದರೆ ಏನಾದೀತು?

ನಾಳೆ ಮೊಮ್ಮಗಳ ಶಾಲೆಯಲ್ಲಿ ಕ್ಲಾಸ್ ಲೀಡರ್ ಚುನಾವಣೆ. ಅವಳಿಗೋ ರಜೆ ಹಾಕಿ ಅತ್ತೆಯ ಮನೆಗೆ ಹೋಗುವ ಆಸೆ. "ನಾನೊಬ್ಬಳು ಓಟು ಹಾಕದಿದ್ರೆ ಏನಾಗುತ್ತೆ ತಾತ?" ಎಂದಳು. ಹಿಂದೊಮ್ಮೆ ನಾನೂ ಹೀಗೇ ಕೇಳಿದ್ದು ನೆನಪಾಗಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

2004ರ ವಿಧಾನಸಭಾ ಚುನಾವಣೆ. ನಮ್ಮದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ. ಮತದಾನದ ದಿನವೇ ಮೈಸೂರಿನಲ್ಲಿ ನೆಂಟರ ಮದುವೆ. "ಓಟು ಹಾಕಿಯೇ ಹೊರಡೋಣ" ಎಂದಳು ಹೆಂಡತಿ. "ಬಸ್ಸು ತಪ್ಪುತ್ತೆ. ಸಾವಿರಾರು ಜನ ಹಾಕ್ತಾರೆ, ನಾವಿಬ್ಬರು ಹಾಕದಿದ್ರೆ ಏನಂತೆ?" ಎಂದು ಅವಳನ್ನೂ ಹೊರಡಿಸಿದೆ.

ಎಣಿಕೆಯ ದಿನ ಹೋಟೆಲಿನಲ್ಲಿ ಸುದ್ದಿ ಕೇಳಿದಾಗ ಕಾಫಿ ಲೋಟ ಕೈಯಲ್ಲೇ ಉಳಿಯಿತು. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟಿನ ಗೆಲುವು!

ನಾವು ಯಾರಿಗೆ ಹಾಕುತ್ತಿದ್ದೆವು ಎನ್ನುವುದು ಗುಟ್ಟು. ಆದರೆ ಒಂದು ಓಟು ಇತ್ತ ಬಿದ್ದಿದ್ದರೆ ಇಬ್ಬರೂ ಸಮ, ಚೀಟಿ ಎತ್ತಬೇಕಿತ್ತು. ಎರಡು ಬಿದ್ದಿದ್ದರೆ ಫಲಿತಾಂಶವೇ ಬೇರೆ. ಹೆಂಡತಿ ಬೈಯಲಿಲ್ಲ. "ನನ್ನ ಓಟನ್ನೂ ನೀವೇ ಕಳೆದಿರಿ" ಎಂದಳು, ಅಷ್ಟೇ. ಆ ಮಾತು ಇಂದಿಗೂ ಚುಚ್ಚುತ್ತದೆ. ನನ್ನದನ್ನು ಬಿಟ್ಟದ್ದು ಸೋಮಾರಿತನ. ಅವಳದನ್ನು ಬಿಡಿಸಿದ್ದು ಅದಕ್ಕಿಂತ ದೊಡ್ಡ ತಪ್ಪು.

ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಮೊದಲು ಓಟು, ಆಮೇಲೆ ತಿಂಡಿ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು, "ಅತ್ತೆ ಮನೆಗೆ ನಾಡಿದ್ದು ಹೋಗೋಣ ತಾತ" ಎಂದು ಶಾಲೆಯ ಚೀಲ ಜೋಡಿಸಿಕೊಳ್ಳಲು ಹೋದಳು.