ಇಳಿಯದ ತುತ್ತು

ತಲೆನೋವು ಬಂದರೆ ಜನ ಮಾತ್ರೆಯನ್ನು ಹುಡುಕುತ್ತಾರೆ. ಜ್ವರ ಬಂದರೆ ಡಾಕ್ಟರನ್ನು ಹುಡುಕುತ್ತಾರೆ. ಹೊಟ್ಟೆಯ ತೊಂದರೆ ಬಂದಾಗ ಮಾತ್ರ ಯಾರನ್ನೂ ಹುಡುಕಬೇಕಾಗಿಲ್ಲ, ವೈದ್ಯರೇ ಹುಡುಕಿಕೊಂಡು ಬರುತ್ತಾರೆ. ಎದುರುಮನೆಯಾಕೆ ಜೀರಿಗೆ ಕಷಾಯವನ್ನು ಹೇಳುತ್ತಾರೆ. ಹಾಲು ಹಾಕುವವನು ಇಂಗು ಕದಡಿದ ಮಜ್ಜಿಗೆಯನ್ನು ಹೇಳುತ್ತಾನೆ. ಊರಿನಿಂದ ಬಂದ ಚಿಕ್ಕಪ್ಪ ರಾತ್ರಿಯ ಊಟವನ್ನೇ ಬಿಟ್ಟುಬಿಡುವಂತೆ ಉಪದೇಶ ಮಾಡಿ, ತಾವು ಎರಡನೆಯ ಸಲ ಹುಳಿ ಬಡಿಸಿಕೊಳ್ಳುತ್ತಾರೆ.

ಮೈಸೂರಿನ ಚಾಮರಾಜಪುರಂನ ಆ ಹಳೆಯ ಹೆಂಚಿನ ಮನೆಗೂ ನಾಲ್ಕು ವರ್ಷಗಳ ಕಾಲ ಇಂಥ ವೈದ್ಯರು ಬಂದುಹೋದರು. ರೋಗಿ ಆ ಮನೆಯ ಹಿರಿಯ ಸೊಸೆ. ಮೈದುನರು, ನಾದಿನಿಯರು ಕರೆಯುವುದನ್ನು ಕೇಳಿ ಕೇಳಿ ಇಡೀ ಬೀದಿಗೇ ಆಕೆ ‘ಅತ್ತಿಗೆ’ಯಾಗಿದ್ದರು. ವಯಸ್ಸು ನಲವತ್ತೆರಡು. ನೂರು ಜನರಿಗೆ ಒಬ್ಬಟ್ಟು ತಟ್ಟಿದರೂ ದಣಿವೆನ್ನದ ಕೈ; ಎಲ್ಲರಿಗೂ ಬಡಿಸಿ, ಕೊನೆಗೆ ತಾನೂ ಸಂತೋಷದಿಂದ ಉಣ್ಣುತ್ತಿದ್ದ ಜೀವ.

2013ರ ಯುಗಾದಿಯ ದಿನ ಒಬ್ಬಟ್ಟಿನ ಎರಡನೆಯ ತುತ್ತು ಅವರ ಎದೆಯ ನಡುವೆ ಎಲ್ಲಿಯೋ ನಿಂತುಬಿಟ್ಟಿತು. ನೀರು ಕುಡಿದರು. ನೀರೂ ಅದರ ಮೇಲೆ ಹೋಗಿ ನಿಂತಂತಾಯಿತು. ಎದ್ದು ಹಿತ್ತಲಿಗೆ ಹೋಗಿ, ಬೆನ್ನನ್ನು ನೆಟ್ಟಗೆ ಮಾಡಿ ಎರಡು ಹೆಜ್ಜೆ ಹಾಕಿದಾಗ ಒಳಗೆ ಏನೋ ಜಾರಿದ ಹಾಗೆ ಆಗಿ ಉಸಿರು ತಿರುಗಿತು. “ಹೂರಣ ಗಟ್ಟಿಯಾಯಿತು” ಎಂದು ಮನೆಯವರೆಂದರು. ಅತ್ತಿಗೆಯೂ ಹಾಗೆಯೇ ನಂಬಿದರು.

ಆದರೆ ಮರುವಾರ ಉಪ್ಪಿಟ್ಟು ನಿಂತಿತು. ತಿಂಗಳು ಕಳೆಯುವುದರೊಳಗೆ ಮೆತ್ತಗೆ ಕಲಸಿದ ಮೊಸರನ್ನವೂ ನಿಂತಿತು. ಎಲ್ಲರ ಊಟ ಮುಗಿದ ಮೇಲೆ ಒಂದು ಚೊಂಬು ನೀರಿಟ್ಟುಕೊಂಡು ಒಬ್ಬರೇ ಕುಳಿತುಕೊಳ್ಳುವುದನ್ನು ಅವರು ರೂಢಿಮಾಡಿಕೊಂಡರು. ತುತ್ತಿಗೊಂದು ಗುಟುಕು, ನಾಲ್ಕು ತುತ್ತಿಗೊಮ್ಮೆ ಎದ್ದು ಹಿತ್ತಲಿನಲ್ಲಿ ಓಡಾಟ. ಮದುವೆ ಮುಂಜಿಗಳ ಪಂಕ್ತಿಯಲ್ಲಿ ಹೀಗೆ ಏಳುವುದಾಗದು. ಆದ್ದರಿಂದ ‘ಇಂದು ಉಪವಾಸ’ ಎಂಬ ಸುಳ್ಳು ಅಭ್ಯಾಸವಾಯಿತು. ಸುಳ್ಳಿಗೂ ಬೇಸರ ಬಂದಮೇಲೆ ಹೋಗುವುದೇ ನಿಂತಿತು.

ಎಂಬತ್ತರ ಸಮೀಪದಲ್ಲಿದ್ದ ಅತ್ತೆಯವರಿಗೆ ಇದು ಬೇರೆಯಾಗಿಯೇ ಕಂಡಿತು. ಜೊತೆಯಲ್ಲಿ ಕುಳಿತು ಉಣ್ಣದ ಸೊಸೆ ಎಂದರೆ ಮನಸ್ಸಿನಲ್ಲಿ ಏನೋ ಇಟ್ಟುಕೊಂಡ ಸೊಸೆ ಎಂಬುದು ಅವರ ಕಾಲದ ಲೆಕ್ಕ. “ಈ ಮನೆ ಅನ್ನ ಇವಳಿಗೆ ಇಳಿಯೋದಿಲ್ಲವಪ್ಪ” ಎಂದು ಮಗನ ಮುಂದೆ ಒಂದು ದಿನ ಅಂದುಬಿಟ್ಟರು. ಒಳಗೆ ಪಾತ್ರೆ ಜೋಡಿಸುತ್ತಿದ್ದ ಅತ್ತಿಗೆ ಅದನ್ನು ಕೇಳಿಸಿಕೊಂಡರು. ಆ ಮಾತು ಅಕ್ಷರಶಃ ನಿಜವೆಂಬುದು ಹೇಳಿದವರಿಗಾಗಲಿ ಕೇಳಿದವರಿಗಾಗಲಿ ಹೊಳೆಯಲಿಲ್ಲ.

ವೈದ್ಯರ ಸರದಿ ಆರಂಭವಾಯಿತು. ಮನೆಯ ಡಾಕ್ಟರು ಆಮ್ಲವನ್ನು ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಗಂಟಲಿನ ತಜ್ಞರು ದೀಪ ಹಾಕಿ ನೋಡಿ, ಗಂಟಲು ಸ್ವಚ್ಛವಾಗಿದೆಯೆಂದರು. ಆಯುರ್ವೇದದ ಪಂಡಿತರು ಅಮ್ಲಪಿತ್ತವೆಂದು ಚೂರ್ಣ ಕೊಟ್ಟರು. ಅರವತ್ತೆರಡು ಕಿಲೋ ಇದ್ದ ದೇಹ ಐವತ್ತಕ್ಕೆ ಇಳಿಯಿತು. ರವಿಕೆಗಳನ್ನೆಲ್ಲ ಎರಡೆರಡು ಸಲ ಒಳಹೊಲಿಗೆ ಹಾಕಿದ್ದಾಯಿತು.

ಅತ್ತಿಗೆಯ ಅಣ್ಣ ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆ ಶಬ್ದವನ್ನು ಮನೆಯಲ್ಲಿ ಯಾರೂ ಉಚ್ಚರಿಸುತ್ತಿರಲಿಲ್ಲ. ಉಚ್ಚರಿಸದೆ ಇದ್ದುದರಿಂದಲೇ ಅದು ಮೂಲೆಮೂಲೆಯಲ್ಲಿಯೂ ಕುಳಿತಿದ್ದಿತು. 2015ರಲ್ಲಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಂಡೊಸ್ಕೋಪಿ ಮಾಡಿಸಿದರು. ಹುಣ್ಣಿಲ್ಲ, ಗೆಡ್ಡೆಯಿಲ್ಲ, ಹೊಟ್ಟೆಯಲ್ಲಿ ಅಲ್ಪಸ್ವಲ್ಪ ಉರಿಯೂತ ಮಾತ್ರ ಎಂದು ವರದಿ ಬಂದಿತು. ಆ ರಾತ್ರಿ ಯಜಮಾನರು ದೇವರ ಮುಂದೆ ತುಪ್ಪದ ದೀಪ ಹಚ್ಚಿಸಿದರು.

ಆದರೆ ‘ಏನೂ ಇಲ್ಲ’ ಎಂಬ ಮಾತು ಮೊದಲ ದಿನ ವರವಾಗಿದ್ದದ್ದು ಎರಡನೆಯ ತಿಂಗಳಿಗೆ ಆರೋಪವಾಯಿತು. ಏನೂ ಇಲ್ಲದಮೇಲೆ ಉಣ್ಣಲಿಕ್ಕೇನು? ಏನೂ ಇಲ್ಲದಮೇಲೆ ಈ ಮುಖವೇಕೆ? ಹೆಸರಿರುವ ರೋಗಿಗೆ ಮರುಕ ದೊರೆಯುತ್ತದೆ. ಹೆಸರಿಲ್ಲದ ರೋಗಿಗೆ ದೊರೆಯುವುದು ಬುದ್ಧಿವಾದ. ಕೊನೆಗೆ ಮನೋವೈದ್ಯರೊಬ್ಬರ ಬಳಿಗೂ ಕರೆದೊಯ್ದರು. ಅವರು ಸಜ್ಜನರು, ಅರ್ಧಗಂಟೆ ಮಾತನಾಡಿಸಿ ನಿದ್ರೆಗೆ ಮಾತ್ರೆ ಕೊಟ್ಟರು. ಆದರೆ ಅತ್ತಿಗೆ ಅಂಜುತ್ತಿದ್ದದ್ದು ನಿದ್ರೆಗೇ. ಮಲಗಿದೊಡನೆ ಉಂಡದ್ದು ತಾನಾಗಿ ಬಾಯಿಗೆ ಬರುತ್ತಿತ್ತು. ಕೆಲವು ಸಲ ಶ್ವಾಸನಾಳಕ್ಕೆ ಹೊಕ್ಕು ಕೆಮ್ಮು ಹತ್ತುತ್ತಿತ್ತು. ಮೂರು ದಿಂಬಿಟ್ಟು ಒರಗಿಕೊಂಡು ರಾತ್ರಿಯನ್ನು ಕಳೆಯುತ್ತಿದ್ದರು. ಮನೆಯವರು ಏಳುವುದಕ್ಕೆ ಮುಂಚೆಯೇ ದಿಂಬಿನ ಗವಸುಗಳನ್ನು ಒಗೆದು ಹರವಿಬಿಡುತ್ತಿದ್ದರು.

2017ರ ಮಾಘಮಾಸದ ಒಂದು ಬೆಳಿಗ್ಗೆ ಅವರಿಗೆ ಜ್ವರ ಬಂದು ಏಳಲಾಗಲಿಲ್ಲ. ಗವಸುಗಳು ಅತ್ತೆಯವರ ಕೈಗೆ ಸಿಕ್ಕಿದವು. ಮಡಿಯ ಹೆಂಗಸು; ಎಂಜಲನ್ನು ಕಂಡರೆ ಮಾರುದೂರ ಸರಿಯುವವರು. ಆದರೂ ಅವರು ಗವಸನ್ನು ಮೂಗಿನ ಹತ್ತಿರಕ್ಕೆ ಹಿಡಿದು ನಿಂತರು.

“ಇದು ರಾತ್ರಿ ಉಂಡ ಅನ್ನ ಅಲ್ಲವೇನೇ?”

“ಹೌದು ಅತ್ತೆ. ನಾನೇ ಒಗೆದುಹಾಕ್ತೀನಿ, ನೀವು ಮುಟ್ಟಬೇಡಿ.”

“ಇರು, ಇರು. ಅನ್ನ ಅನ್ನದ ಹಾಗೇ ಇದೆ. ಹುಳಿವಾಸನೆಯೇ ಇಲ್ಲ. ಆರು ಮಕ್ಕಳ ವಾಂತಿ ಬಳಿದವಳು ನಾನು. ಹೊಟ್ಟೆಗೆ ಹೋಗಿ ಬಂದದ್ದು ಹೀಗಿರುತ್ತೇನು?”

ಅದುವರೆಗೆ ಯಾವ ವೈದ್ಯರೂ ಕೇಳದಿದ್ದ ಪ್ರಶ್ನೆ ಅದು. ಮುಂದಿನ ವಾರ ಬೆಂಗಳೂರಿನ ಜೀರ್ಣಾಂಗ ತಜ್ಞರೊಬ್ಬರ ಕೊಠಡಿಗೆ ಮಗಸೊಸೆಯರ ಹಿಂದೆ ಅತ್ತೆಯವರೂ ಕೋಲೂರಿಕೊಂಡು ನಡೆದರು. ಏನು ತೊಂದರೆ ಎಂದಾಗ ಅತ್ತಿಗೆ ಎಂದಿನಂತೆ “ಅಜೀರ್ಣ, ಹುಳಿತೇಗು, ಗ್ಯಾಸು” ಎಂದರು. ನಾಲ್ಕು ವರ್ಷಗಳಿಂದ ಅದೇ ಮೂರು ಮಾತು. ಹಿಂದಿನಿಂದ ಅತ್ತೆಯವರು ತಡೆದರು: “ಅಜೀರ್ಣ ಅಲ್ಲ ಡಾಕ್ಟರೇ. ಜೀರ್ಣವಾಗೋದಕ್ಕೆ ಅದು ಹೊಟ್ಟೆಗೆ ಹೋದರೆ ತಾನೆ?” ಎಂದು ಗವಸಿನ ಕಥೆಯನ್ನು ಹೇಳಿದರು.

ವೈದ್ಯರು ಬರೆಯುವುದನ್ನು ನಿಲ್ಲಿಸಿದರು. “ಅಮ್ಮ, ಘನಪದಾರ್ಥ ಮಾತ್ರ ನಿಲ್ಲುತ್ತದೆಯೋ, ನೀರೂ ನಿಲ್ಲುತ್ತದೆಯೋ?” ಎಂದು ಅತ್ತಿಗೆಯನ್ನು ಕೇಳಿದರು.

“ನೀರೂ ನಿಲ್ಲುತ್ತದೆ. ಮೊದಲ ದಿನದಿಂದಲೂ.”

ಆ ಉತ್ತರದಲ್ಲಿ ಅರ್ಧ ರೋಗನಿರ್ಣಯವಿದ್ದಿತು. ಗೆಡ್ಡೆ ಬೆಳೆದು ದಾರಿ ಕಟ್ಟಿದರೆ ಸಾಮಾನ್ಯವಾಗಿ ಮೊದಲು ಗಟ್ಟಿ ಆಹಾರ ತಡೆಯುತ್ತದೆ, ಬಹುಕಾಲದ ಮೇಲೆ ದ್ರವ. ಎರಡೂ ಆರಂಭದಿಂದಲೇ ತಡೆದರೆ ದೋಷ ದಾರಿಯ ಅಳತೆಯಲ್ಲಿಲ್ಲ, ಅದರ ಚಲನೆಯಲ್ಲಿದೆ. ಅನ್ನನಾಳ ಸುಮಾರು ಇಪ್ಪತ್ತೈದು ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅಲೆಯಲೆಯಾಗಿ ಕುಗ್ಗಿ ತುತ್ತನ್ನು ಕೆಳಕ್ಕೆ ತಳ್ಳುತ್ತದೆ. ಹೊಟ್ಟೆಯ ಬಾಗಿಲಲ್ಲಿರುವ ಬಿಗಿಯಾದ ಸ್ನಾಯುವಿನ ಬಳೆ ತುತ್ತು ಬಂದಾಗ ಸಡಿಲಗೊಂಡು ದಾರಿ ಬಿಡಬೇಕು. ಅದಕ್ಕೆ ಅಪ್ಪಣೆ ಕೊಡುವ ನರಕೋಶಗಳು ನಶಿಸಿದರೆ ಅಲೆ ಏಳುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಈ ರೋಗಕ್ಕೆ ಅಕಲೇಸಿಯಾ ಎಂದು ಹೆಸರು. ಗ್ರೀಕ್ ಮೂಲದ ಆ ಪದಕ್ಕೆ ಸಡಿಲಗೊಳ್ಳದಿರುವುದು ಎಂದೇ ಅರ್ಥ. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಮಾತ್ರ ಬರುವುದರಿಂದ, ಆಮ್ಲದ ತೊಂದರೆಯೆಂದೋ ಮನಸ್ಸಿನ ತೊಂದರೆಯೆಂದೋ ವರ್ಷಗಟ್ಟಲೆ ಕಳೆದುಹೋಗುವುದು ಅಪರೂಪವಲ್ಲ. ಆರಂಭದ ದಿನಗಳಲ್ಲಿ ಎಂಡೊಸ್ಕೋಪಿಗೂ ಇದು ತಪ್ಪಿಸಿಕೊಳ್ಳಬಹುದು.

ಸುಣ್ಣದ ತಿಳಿಯಂಥ ಬೇರಿಯಂ ದ್ರವವನ್ನು ಕುಡಿಸಿ ಎಕ್ಸ್‌ರೇ ತೆಗೆದರು. ಮೇಲೆ ಹಿಗ್ಗಿದ ಅನ್ನನಾಳ ಕೆಳತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿದ್ದಿತು. ನಾಳದೊಳಗಿನ ಒತ್ತಡವನ್ನು ಅಳೆಯುವ ಪರೀಕ್ಷೆ ಅದನ್ನು ದೃಢಪಡಿಸಿತು. ಹೆಸರನ್ನು ಕೇಳಿ ಯಜಮಾನರು ಬಿಳಿಚಿಕೊಂಡರು. ಅತ್ತಿಗೆ ಮಾತ್ರ ಅತ್ತುಬಿಟ್ಟರು. ಅದು ಭಯದ ಅಳುವಲ್ಲ. ‘ಏನೋ ಇದೆ’ ಎಂದು ನಾಲ್ಕು ವರ್ಷಗಳ ಮೇಲೆ ಒಬ್ಬರು ಹೇಳಿದ್ದರು.

ಈ ರೋಗ ಹೊಸದೇನಲ್ಲ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ 1674ರಲ್ಲಿಯೇ ಇಂಥ ರೋಗಿಯೊಬ್ಬನ ವಿಷಯವನ್ನು ಬರೆದಿದ್ದಾನೆ. ತಿಮಿಂಗಿಲದ ಬಾಯಿಯಿಂದ ತೆಗೆದ, ಮೂಳೆಯಂತೆ ಬಳುಕುವ ಕಡ್ಡಿಯ ತುದಿಗೆ ಸ್ಪಂಜಿನ ಉಂಡೆ ಕಟ್ಟಿ, ಉಂಡದ್ದನ್ನು ಅದರಿಂದಲೇ ಹೊಟ್ಟೆಗೆ ತಳ್ಳಿಕೊಳ್ಳುವಂತೆ ಕಲಿಸಿದನಂತೆ. ಆ ಮನುಷ್ಯ ಅದೇ ಕಡ್ಡಿಯನ್ನು ನೆಚ್ಚಿ ವರ್ಷಗಳ ಕಾಲ ಬದುಕಿದ. ಬಿಗಿದ ಸ್ನಾಯುವನ್ನು ಕೊಯ್ದು ಸಡಿಲಿಸುವ ಶಸ್ತ್ರಕ್ರಿಯೆಯನ್ನು ಜರ್ಮನಿಯ ಅರ್ನ್‌ಸ್ಟ್ ಹೆಲ್ಲರ್ 1913ರಲ್ಲಿ ಮಾಡಿದ. 2008ರಲ್ಲಿ ಜಪಾನಿನ ಹರುಹಿರೊ ಇನೂಯೆ, ಹೊಟ್ಟೆಯನ್ನು ಕೊಯ್ಯದೆ ಬಾಯಿಯ ಮೂಲಕವೇ ಎಂಡೊಸ್ಕೋಪನ್ನು ಇಳಿಸಿ ಆ ಸ್ನಾಯುವನ್ನು ಬಿಡಿಸುವ ಕ್ರಮವನ್ನು ಆರಂಭಿಸಿದರು. ಅತ್ತಿಗೆಗೆ ಆದದ್ದು ಈ ಮೂರನೆಯ ಚಿಕಿತ್ಸೆ.

ನಶಿಸಿದ ನರಕೋಶ ಮರಳುವುದಿಲ್ಲ. ರೋಗ ಪೂರ್ತಿ ಗುಣವಾಯಿತೆನ್ನುವಂತಿಲ್ಲ. ಬಾಗಿಲು ತೆರೆದಮೇಲೆ ಹೊಟ್ಟೆಯ ಆಮ್ಲ ಮೇಲಕ್ಕೆ ಬರಬಹುದು. ಹಿಂದೆ ಹುಸಿಯಾಗಿದ್ದ ಹುಳಿತೇಗು ಈಗ ನಿಜವಾಗಿಯೇ ಬಂದು, ಹಳೆಯ ಮಾತ್ರೆಯೇ ಮತ್ತೆ ಬೇಕಾಯಿತು. ಆದರೆ ತುತ್ತು ಇಳಿಯಿತು.

ವಕೀಲನಲ್ಲಿಯೂ ವೈದ್ಯನಲ್ಲಿಯೂ ಸುಳ್ಳು ಹೇಳಬಾರದೆನ್ನುತ್ತಾರೆ. ಅತ್ತಿಗೆ ಸುಳ್ಳು ಹೇಳಿರಲಿಲ್ಲ. ಬೀದಿಯವರು ಕೈಗೆ ಕೊಟ್ಟ ಮಾತನ್ನೇ ವೈದ್ಯರ ಮುಂದಿಟ್ಟಿದ್ದರು. ವೈದ್ಯರೂ ಆ ಮಾತಿಗೆ ಮದ್ದು ಕೊಟ್ಟಿದ್ದರು, ಮನುಷ್ಯಳಿಗಲ್ಲ. ಉಣ್ಣುವಾಗ ಏನಾಗುತ್ತದೆ, ಮಲಗಿದಾಗ ಏನಾಗುತ್ತದೆ ಎಂದು ಕಂಡದ್ದನ್ನು ಕಂಡಂತೆ ಹೇಳುವುದಕ್ಕೆ ನಾಚಿಕೆ ಅಡ್ಡಬಂದಿತು. ನಾಚಿಕೆಯನ್ನು ಕಾಯ್ದದ್ದು ಒಗೆದು ಹರವಿದ ಗವಸುಗಳು.

2018ರ ಯುಗಾದಿಗೆ ಅತ್ತಿಗೆ ಮೊದಲ ಪಂಕ್ತಿಯಲ್ಲಿಯೇ ಕುಳಿತರು. ಎದುರಿಗೆ ಅತ್ತೆಯವರು. ಒಬ್ಬಟ್ಟಿನ ಎರಡನೆಯ ತುತ್ತಿಗೆ ಮನೆಯವರೆಲ್ಲರ ಕೈ ಎಲೆಯ ಮೇಲೆ ತಡೆಯಿತು. ಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಅತ್ತೆಯವರು ಪ್ರತಿ ತುತ್ತಿಗೂ “ಇಳಿಯಿತೇನೇ?” ಎಂದು ಕೇಳಿ ಕೇಳಿ ಸೊಸೆಯನ್ನು ನಗಿಸುತ್ತಿದ್ದುದುಂಟು. ಅಂದು ಅವರು ಅದನ್ನು ಕೇಳಲಿಲ್ಲ. ತುಪ್ಪದ ಗಿಂಡಿಯನ್ನು ಸೊಸೆಯ ಕಡೆಗೆ ಸರಿಸಿ, “ಇನ್ನೊಂದು ಹಾಕಿಸಿಕೊಳ್ಳೇ” ಎಂದರು.