ಜ್ವರದ ಕಡ್ಡಿ

ಜಡಿಗೇನಹಳ್ಳಿಯ ನಮ್ಮ ಮನೆಯಲ್ಲಿ ಹಿಂದೆ ಜ್ವರವನ್ನು ಅಳೆಯುತ್ತಿದ್ದುದು ನನ್ನ ಸೋದರತ್ತೆಯವರ ಕೈ. ಅದರ ಹಿಂಬದಿಯನ್ನು ಮಗುವಿನ ಕೊರಳಿಗೆ ತಾಗಿಸಿ "ಕಾವಿದೆ" ಎಂದರೆ ಆ ದಿನ ಅನ್ನವಿಲ್ಲ, ಗಂಜಿಯೇ ಗತಿ. ಆಯುರ್ವೇದದ ಅಷ್ಟಸ್ಥಾನ ಪರೀಕ್ಷೆಯಲ್ಲಿ ಸ್ಪರ್ಶವೂ ಒಂದೆಂಬುದನ್ನು ನಾನು ಪಾಠಶಾಲೆಯಲ್ಲಿ ತಿಳಿದುದು ಆಮೇಲೆ. ಅವರು ಓದದೆಯೇ ಬಲ್ಲವರಾಗಿದ್ದರು. 88 ವರ್ಷದ ಆ ಅತ್ತೆಯವರು ಈಗ ಹೊಸಕೋಟೆಯ ಕಡೆಯ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಕಾಲು ಮುರಿದ ಮೇಲೆ ಅವರನ್ನು ಎತ್ತಿ ಕೂರಿಸಲು ಮನೆಯಲ್ಲಿ ಬಲವುಳ್ಳ ಕೈಗಳಿರಲಿಲ್ಲ. ಹೀಗೆಂದು ಬರೆಯಲು ನನಗೆ ಸಂಕೋಚವೇ; ಆದರೆ ಮುಚ್ಚಿಟ್ಟು ಪ್ರಯೋಜನವೇನು?

ಅವರು ಅಲ್ಲಿ ಸೇರಿದ ವಾರವೇ ನನಗೆ ಕರೆ ಬಂದಿತು. "ಮೇಷ್ಟ್ರೇ, ಅಜ್ಜಿ ಟೆಂಪರೇಚರು ನೋಡುವುದಕ್ಕೆ ಬಾಯೇ ತೆಗೆಯುವುದಿಲ್ಲ. ನೀವಾದರೂ ಹೇಳಿ" ಎಂದಳು ದಾದಿ. ಚಿಕ್ಕ ವಯಸ್ಸಿನ ಹುಡುಗಿ, ಸಹನೆಯುಳ್ಳವಳು. ಒಂದೇ ಥರ್ಮಾಮೀಟರನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರಸುತ್ತ ಹಾಸಿಗೆಯಿಂದ ಹಾಸಿಗೆಗೆ ಕೊಂಡೊಯ್ಯುತ್ತಿದ್ದಳು. ಅತ್ತೆಯವರ ಆಕ್ಷೇಪಣೆಯೂ ಅದೇ. "ಯಾರ್ಯಾರ ಎಂಜಲೋ ಅದು! ನಾನು ಒಲ್ಲೆ ಕಣೋ."

ನನ್ನ ಪಾಂಡಿತ್ಯಕ್ಕೆ ಇದು ತಕ್ಕ ಸಮಯವೆಂದು ಭಾವಿಸಿದೆನು. ಧರ್ಮಶಾಸ್ತ್ರಗಳಲ್ಲಿ ದ್ರವ್ಯಶುದ್ಧಿಯ ಪ್ರಕರಣವೇ ಇದೆಯೆಂದೂ, ಲೋಹದ ಪಾತ್ರೆಗಳು ಬೂದಿ ನೀರುಗಳಿಂದ ಶುದ್ಧವಾಗುವುವೆಂದೂ, ಸ್ಪಿರಿಟ್ಟು ಬೂದಿಗಿಂತ ಮೇಲೆಂದೂ ವಿಸ್ತಾರವಾಗಿ ಬೋಧಿಸಿದೆನು. ಅತ್ತೆಯವರು ಎಲ್ಲವನ್ನೂ ಕೇಳಿ, "ಪ್ಲಾಸ್ಟಿಕ್ಕಿಗೆ ಯಾವ ಸ್ಮೃತಿಯಲ್ಲಿ ಹೇಳಿದೆಯೋ?" ಎಂದರು. ಹುಡುಗಿ ನಕ್ಕಳು. ನಾನು ನಿರುತ್ತರನಾದೆನು.

ಹಿಂದಿರುಗುವಾಗ ಯೋಚಿಸಿದರೆ ನ್ಯಾಯವು ಅವರ ಪಕ್ಷದಲ್ಲೇ ಇದ್ದಂತೆ ತೋರಿತು. ಎಂಜಲಿನಿಂದ ರೋಗ ಹರಡಬಹುದೆಂಬುದನ್ನು ಈಗಿನ ವೈದ್ಯರೂ ಒಪ್ಪುತ್ತಾರೆ. ಅದೂ ಅಲ್ಲದೆ, ಮನೆ, ಮಂಚ, ಅಡಿಗೆಯ ಒಲೆ ಎಲ್ಲವನ್ನೂ ಬಿಟ್ಟುಬಂದವರಿಗೆ ಸ್ವಂತವೆಂದು ಉಳಿದುದು ಬಾಯೊಂದೇ. ಅದನ್ನು ತೆರೆಯೆಂದು ಅಪ್ಪಣೆ ಮಾಡಲು ನಾನು ಯಾರು? ಮರುದಿನ ಔಷಧದ ಅಂಗಡಿಯಿಂದ ಹೊಸ ಕಡ್ಡಿಯೊಂದನ್ನು ತಂದು, ಅತ್ತೆಯವರ ಹೆಸರು ಬರೆದು, ಅವರದೇ ಹಿತ್ತಾಳೆಯ ಲೋಟದಲ್ಲಿಟ್ಟೆನು. ಬಾಯಿ ತೆರೆಯಿತು.

ಕಡ್ಡಿಯ ತುದಿಯನ್ನು ನಾಲಿಗೆಯ ಕೆಳಗೆ, ಪಕ್ಕದಲ್ಲಿ ಹಿಂದಕ್ಕಿರುವ ಕುಳಿಯಲ್ಲಿ ಇಡಬೇಕು. ಹಲ್ಲಿನಿಂದ ಕಚ್ಚದೆ ತುಟಿಗಳನ್ನು ಮುಚ್ಚಿ, ಅದು ಕೀ ಎನ್ನುವವರೆಗೆ ಸುಮ್ಮನಿರಬೇಕು. ಈ ಕೊನೆಯದೇ ಅತ್ತೆಯವರಿಗೆ ಕಷ್ಟ. ಒಮ್ಮೆ ಬಿಸಿ ಕಾಫಿಯನ್ನು ಕುಡಿದ ಬೆನ್ನಿಗೇ ನಾನು ಕಡ್ಡಿಯಿಟ್ಟು, ಅಂಕವು 100 ದಾಟಿದುದನ್ನು ಕಂಡು ಗಾಬರಿಗೊಂಡೆನು. ಅರ್ಧ ಗಂಟೆ ಕಾಯಬೇಕೆಂದು ಹುಡುಗಿ ಕಲಿಸಿಕೊಟ್ಟಳು. ಆಕೆ ಪ್ರತಿದಿನ ಬೆಳಗ್ಗೆ ಒಂದು ನೋಟುಬುಕ್ಕಿನಲ್ಲಿ ಅಂಕವನ್ನು ಬರೆದಿಡುತ್ತಿದ್ದಳು: 96.8, 96.6, 96.9. ಮೇಷ್ಟರ ಹಾಜರಿ ಪುಸ್ತಕಕ್ಕಿಂತ ಅದು ಅಚ್ಚುಕಟ್ಟಾಗಿದ್ದಿತು.

98.6 ಎಂಬ ಪ್ರಸಿದ್ಧ ಅಂಕವು ಜರ್ಮನಿಯ ವೈದ್ಯ ವುಂಡರ್ಲಿಕ್ಕನ 1868ರ ಗ್ರಂಥದಿಂದ ಬಂದುದು. ವೃದ್ಧರ ಮೈ ಅನೇಕ ವೇಳೆ ಅದಕ್ಕಿಂತ ತಂಪು. ರೋಗ ಹೊಕ್ಕರೂ ಕಾವು ಹೆಚ್ಚಾಗಿ ಏರದಿರುವುದುಂಟು. ಆದುದರಿಂದಲೇ ಅಮೆರಿಕದ ಸಾಂಕ್ರಾಮಿಕ ರೋಗತಜ್ಞರ ಸಂಘದವರು 2008ರಲ್ಲಿ ಇಂಥ ನಿಲಯವಾಸಿಗಳ ವಿಷಯದಲ್ಲಿ, 100 ದಾಟದಿದ್ದರೂ ಅವರವರ ವಾಡಿಕೆಯ ಅಂಕಕ್ಕಿಂತ 2 ಡಿಗ್ರಿ ಮೀರಿದರೆ ಜ್ವರವೆಂದೇ ತಿಳಿಯಬೇಕೆಂದು ಸೂಚಿಸಿದರು.

ಕಳೆದ ಆಷಾಢದ ಒಂದು ಬೆಳಗ್ಗೆ ಕಡ್ಡಿ 99 ತೋರಿಸಿತು. "ನೂರಾಗಿಲ್ಲವಲ್ಲ" ಎಂದು ಯಾರೋ ಬಿಟ್ಟುಬಿಟ್ಟಿದ್ದರು. ನಾನು ಹೋದಾಗ ಹುಡುಗಿ ನೋಟುಬುಕ್ಕನ್ನು ನನ್ನ ಮುಂದಿಟ್ಟು, "ಬೇರೆಯವರಿಗೆ ಸರಿ ಮೇಷ್ಟ್ರೇ, ಅಜ್ಜಿಗೆ ಇದು ಹೆಚ್ಚು. ಡಾಕ್ಟರಿಗೆ ಹೇಳಿಕಳಿಸಿದ್ದೇನೆ" ಎಂದಳು. ಅತ್ತೆಯವರು ಅಂದು ಕಾಫಿ ಬೇಡವೆಂದಿದ್ದರು. ಕಡ್ಡಿ ತೊಳೆದುದೇ ಎಂದು ಕೇಳಿರಲಿಲ್ಲ. ನನಗೆ ಭಯವಾದುದು ಅದರಿಂದ. ಅವರು ಮಾಡುತ್ತಿದ್ದಂತೆಯೇ ನನ್ನ ಕೈಯ ಹಿಂಬದಿಯನ್ನು ಅವರ ಕೊರಳಿಗೆ ತಾಗಿಸಿ ನೋಡಿದೆನು, ಏನೂ ತಿಳಿಯಲಿಲ್ಲ.

ಶ್ವಾಸಕೋಶದಲ್ಲಿ ಸೋಂಕು. ಬೇಗನೆ ತಿಳಿದುದು ಒಳ್ಳೆಯದಾಯಿತೆಂದು ಡಾಕ್ಟರು ಹೇಳಿದರು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಅತ್ತೆಯವರು ಹಿಂದಿರುಗಿದರು. ಮಾರನೆಯ ಬೆಳಗ್ಗೆ ಹುಡುಗಿ ಲೋಟದಿಂದ ಕಡ್ಡಿ ತೆಗೆದಾಗ, ಕ್ಷೀಣವಾದ ಧ್ವನಿಯಲ್ಲಿ, "ತೊಳೆದೆಯೇನೇ?" ಎಂದರು. ಆಕೆ ಆಗಲೇ ತೊಳೆದಿದ್ದಳು. ಆದರೂ ಅವರ ಕಣ್ಣೆದುರಿಗೆ ಮತ್ತೊಮ್ಮೆ ತೊಳೆದಳು.